ಪ್ರಮಾಣಪತ್ರದ ಅನಂತರದ ಸೆನ್ಸಾರು: ಚಲನಚಿತ್ರ, ಕಲಾಸ್ವಾತಂತ್ರ್ಯ ಮತ್ತು ಸಮುದಾಯದ ಭಾವನೆ

ಚಲನಚಿತ್ರವೊಂದು ತಮ್ಮ ಸಮುದಾಯದ ಭಾವನೆಗೆ ಧಕ್ಕೆ ತಂದಿದೆ ಎಂಬ ಆಕ್ಷೇಪ ನಮ್ಮ ದೇಶದಲ್ಲಿ ಹೊಸದೇನಲ್ಲ. ಇಂಥ ಆಕ್ಷೇಪ ಎದ್ದಾಗಲೆಲ್ಲ ಚರ್ಚೆ ಎರಡು ನೆಲೆಗಳಲ್ಲಿ ನಿಂತುಬಿಡುತ್ತದೆ. ಕಲಾವಿದನಿಗೆ ಮಿತಿಯಿಲ್ಲದ ಸ್ವಾತಂತ್ರ್ಯ ಬೇಕೆನ್ನುವವರು ಒಂದು ಕಡೆ. ಜನರ ಮನಸ್ಸನ್ನು ನೋಯಿಸುವ ಹಕ್ಕು ಯಾರಿಗೂ ಇಲ್ಲವೆನ್ನುವವರು ಇನ್ನೊಂದು ಕಡೆ. ಈ ವಾಗ್ವಾದದ ನಡುವೆ ಮುಖ್ಯವಾದ ಒಂದು ಪ್ರಶ್ನೆ ಮರೆಯಾಗುತ್ತದೆ. ನೋವಾಗಿದೆಯೇ ಇಲ್ಲವೇ ಎಂಬುದಕ್ಕಿಂತ, ಆ ನೋವನ್ನು ಅಳೆದು ತೀರ್ಮಾನ ಕೊಡುವ ಅಧಿಕಾರ ಯಾರದು ಎಂಬುದೇ ಆ ಪ್ರಶ್ನೆ. ಮಂಡಳಿಯೇ, ಸರ್ಕಾರವೇ, ನ್ಯಾಯಾಲಯವೇ, ಅಥವಾ ಚಿತ್ರಮಂದಿರದ ಮುಂದೆ ನೆರೆದ ಗುಂಪೇ?

ಕಳೆದ ಐದೂವರೆ ದಶಕಗಳ ಕೆಲವು ಖಚಿತ ನಿದರ್ಶನಗಳ ಮೂಲಕ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಇತಿಹಾಸದಲ್ಲಿ ಕನ್ನಡದ ಪಾಲು ಗಣನೀಯವಾದುದು. ಒಂದು ಕನ್ನಡ ಚಿತ್ರ, ಮೈಸೂರು ಮೂಲದ ಒಬ್ಬ ನಿರ್ದೇಶಕರು, ಕರ್ನಾಟಕದಿಂದ ಹೋದ ಒಬ್ಬ ನ್ಯಾಯಮೂರ್ತಿಗಳು ಮತ್ತು ಅರ್ಜಿದಾರರಾಗಿ ನಿಂತ ಒಬ್ಬ ಕನ್ನಡ ಚಿತ್ರ ನಿರ್ದೇಶಕರು ಇದರ ಬೇರೆ ಬೇರೆ ಘಟ್ಟಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಕನ್ನಡದ ಭಾವನೆಯೇ ಆಕ್ಷೇಪದ ಆಧಾರವಾದ ಪ್ರಸಂಗಗಳೂ ಇವೆ. ಹೊರನಾಡಿನಲ್ಲಿ ಕನ್ನಡವನ್ನು ಅಧ್ಯಯನ ಮಾಡುವವರಿಗೆ ಈ ಎರಡನ್ನೂ ಒಟ್ಟಿಗೆ ನೋಡುವ ಅಗತ್ಯವಿದೆ.

೧. ಕಾನೂನಿನ ಮಾತು

ಬ್ರಿಟಿಷ್ ಸರ್ಕಾರ ೧೯೧೮ರಲ್ಲಿ ಮೊದಲ ಚಲನಚಿತ್ರ ಕಾಯಿದೆಯನ್ನು ತಂದಿತು. ೧೯೨೦ರಲ್ಲಿ ಮುಂಬಯಿ, ಕಲ್ಕತ್ತ, ಮದರಾಸು ಮತ್ತು ರಂಗೂನುಗಳಲ್ಲಿ ಸೆನ್ಸಾರ್ ಮಂಡಳಿಗಳು ಆರಂಭವಾದವು. ಸ್ವಾತಂತ್ರ್ಯಾನಂತರ ಈ ಪ್ರಾಂತೀಯ ವ್ಯವಸ್ಥೆಯ ಸ್ಥಾನದಲ್ಲಿ ಕೇಂದ್ರ ಮಂಡಳಿ ಬಂದಿತು. ಇಂದಿಗೂ ಜಾರಿಯಲ್ಲಿರುವ ಮೂಲ ಶಾಸನ ೧೯೫೨ರ ಚಲನಚಿತ್ರ ಕಾಯಿದೆ. 'ಸೆನ್ಸಾರ್ ಮಂಡಳಿ' ಎಂಬ ಹೆಸರು ೧೯೮೩ರಲ್ಲಿ 'ಪ್ರಮಾಣೀಕರಣ ಮಂಡಳಿ' ಎಂದು ಬದಲಾಯಿತು. ಹೆಸರು ಬದಲಾದರೂ ಕತ್ತರಿಸುವ ಅಧಿಕಾರ ಉಳಿಯಿತು. ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದುದಕ್ಕೆ ಅದೂ ಒಂದು ಕಾರಣವಿರಬಹುದು.

ಸಂವಿಧಾನದ ೧೯ನೆಯ ಅನುಚ್ಛೇದದ ಮೊದಲ ಖಂಡ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ನೀಡುತ್ತದೆ. ಅದರ ಮೇಲೆ ಯಾವ ಕಾರಣಗಳಿಗಾಗಿ ಸಮಂಜಸವಾದ ನಿರ್ಬಂಧ ಹೇರಬಹುದೆಂಬುದನ್ನು ಎರಡನೆಯ ಖಂಡ ಪಟ್ಟಿ ಮಾಡುತ್ತದೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಡನೆ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಲಯ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಇವೇ ಆ ಕಾರಣಗಳು. ೧೯೫೨ರ ಕಾಯಿದೆಯ ೫-ಬಿ ಕಲಂ ಬಹುಮಟ್ಟಿಗೆ ಇದೇ ಪಟ್ಟಿಯನ್ನು ಚಲನಚಿತ್ರಕ್ಕೆ ಅನ್ವಯಿಸುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, 'ಸಮುದಾಯದ ಭಾವನೆ' ಎಂಬ ಮಾತು ಈ ಎರಡು ಪಟ್ಟಿಗಳಲ್ಲಿಯೂ ಇಲ್ಲ.

ಹಾಗಾದರೆ ಭಾವನೆ ಕಾನೂನಿನೊಳಗೆ ಪ್ರವೇಶ ಪಡೆದುದು ಹೇಗೆ? ಇದಕ್ಕೆ ಮೂರು ಬಾಗಿಲುಗಳಿವೆ. ಮೊದಲನೆಯದು ಮಂಡಳಿಯ ಮಾರ್ಗಸೂಚಿ. ಜನಾಂಗ, ಧರ್ಮ ಅಥವಾ ಇತರ ಗುಂಪುಗಳನ್ನು ಹೀಯಾಳಿಸುವ ದೃಶ್ಯಗಳೂ ಮಾತುಗಳೂ ಇರಬಾರದೆಂದು ಕೇಂದ್ರ ಸರ್ಕಾರ ೧೯೯೧ರ ಡಿಸೆಂಬರ್ ೬ರಂದು ಹೊರಡಿಸಿದ ಮಾರ್ಗಸೂಚಿ ಹೇಳಿತು. ಚಿತ್ರವನ್ನು ಇಡಿಯಾಗಿ, ಅದರ ಒಟ್ಟು ಪರಿಣಾಮದ ದೃಷ್ಟಿಯಿಂದ ನೋಡಬೇಕೆಂದೂ ಅದೇ ಮಾರ್ಗಸೂಚಿ ವಿಧಿಸಿತು. ಎರಡನೆಯ ಬಾಗಿಲು 'ಸಾರ್ವಜನಿಕ ಸುವ್ಯವಸ್ಥೆ'. ಮನನೊಂದವರು ಗಲಭೆ ಮಾಡಬಹುದು, ಗಲಭೆಯಾದರೆ ಸುವ್ಯವಸ್ಥೆ ಕೆಡುತ್ತದೆ, ಆದ್ದರಿಂದ ಚಿತ್ರವನ್ನು ತಡೆಯಬೇಕು ಎಂಬ ತರ್ಕ ಇಲ್ಲಿ ಕೆಲಸ ಮಾಡುತ್ತದೆ. ಮೂರನೆಯದು ಕಾನೂನಿನ ಹೊರಗೇ ಇರುವ ಬಾಗಿಲು. ವಿತರಕರು, ಚಿತ್ರಮಂದಿರಗಳ ಮಾಲೀಕರು, ವಾಣಿಜ್ಯ ಸಂಸ್ಥೆಗಳು ಮತ್ತು ಬೀದಿಯ ಒತ್ತಡ ಸೇರಿ ರೂಪುಗೊಂಡದ್ದು ಅದು. ಅಧಿಕಾರ ಮೊದಲ ಬಾಗಿಲಿನಿಂದ ಮೂರನೆಯದರತ್ತ ಹೇಗೆ ಸರಿಯಿತು ಎಂಬುದೇ ಮುಂದಿನ ವಿವೇಚನೆಯ ವಿಷಯ.

೨. ಪುಸ್ತಕಕ್ಕಿಲ್ಲದ ಅಂಕುಶ

ಪುಸ್ತಕ ಮುದ್ರಿಸುವ ಮುನ್ನ ಲೇಖಕ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಚಲನಚಿತ್ರಕ್ಕೆ ಮಾತ್ರ ಪ್ರದರ್ಶನಕ್ಕೆ ಮೊದಲೇ ಪರೀಕ್ಷೆ ನಡೆಯುತ್ತದೆ. ಈ ಭೇದ ಸರಿಯೇ ಎಂದು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರು ಲೇಖಕ ಹಾಗೂ ನಿರ್ದೇಶಕ ಕೆ.ಎ. ಅಬ್ಬಾಸ್. ಕಲ್ಕತ್ತ, ಮುಂಬಯಿ, ಮದರಾಸು, ದೆಹಲಿಗಳ ಸಿರಿತನ ಬಡತನಗಳನ್ನು ಅಕ್ಕಪಕ್ಕದಲ್ಲಿರಿಸಿ ತೋರಿಸಿದ ಅವರ ಕಿರುಚಿತ್ರಕ್ಕೆ ಎಲ್ಲರೂ ನೋಡಬಹುದಾದ 'ಯು' ಪ್ರಮಾಣಪತ್ರ ಮೊದಲು ದೊರೆಯಲಿಲ್ಲ. ವಿಚಾರಣೆಯ ವೇಳೆಗೆ ಸರ್ಕಾರ ಅದನ್ನು ಕೊಡಲು ಒಪ್ಪಿದರೂ ಅಬ್ಬಾಸ್ ಮೂಲಪ್ರಶ್ನೆಯನ್ನು ಬಿಡಲಿಲ್ಲ. ೧೯೭೦ರ ಸೆಪ್ಟೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ನೀಡಿದ ತೀರ್ಪು ಪೂರ್ವನಿಯಂತ್ರಣವನ್ನು ಎತ್ತಿಹಿಡಿಯಿತು. ಚಲನಚಿತ್ರ ಇತರ ಕಲೆಗಳಿಗಿಂತ ಆಳವಾಗಿ ಭಾವನೆಗಳನ್ನು ಕದಡಬಲ್ಲದು ಎಂಬುದು ಅದರ ಮುಖ್ಯ ಸಮರ್ಥನೆ. ಆದರೆ ಸೆನ್ಸಾರಿನ ಮಾನದಂಡಗಳು ಸ್ವಾತಂತ್ರ್ಯಕ್ಕೆ ಧಾರಾಳವಾಗಿ ಅವಕಾಶ ಕೊಡುವಂತಿರಬೇಕು, ವಸ್ತು ಅಹಿತಕರವೆಂಬ ಮಾತ್ರಕ್ಕೆ ಕತ್ತರಿ ಆಡಿಸಬಾರದು ಎಂದೂ ಅದು ಎಚ್ಚರಿಸಿತು. ಸರ್ಕಾರದ ಬದಲು ಸ್ವತಂತ್ರ ನ್ಯಾಯಾಧಿಕರಣವೊಂದು ಮೇಲ್ಮನವಿಗಳನ್ನು ಕೇಳಬೇಕೆಂಬ ವಿಚಾರವೂ ಈ ಮೊಕದ್ದಮೆಯಲ್ಲಿ ಚರ್ಚೆಗೆ ಬಂದು, ೧೯೮೧ರ ತಿದ್ದುಪಡಿಯ ಮೂಲಕ ಮುಂದೆ ರೂಪ ಪಡೆಯಿತು.

ಪುಸ್ತಕಕ್ಕೂ ಚಿತ್ರಕ್ಕೂ ಇರುವ ಈ ಭೇದಕ್ಕೆ ಅದೇ ವರ್ಷದ ಕನ್ನಡ ಚಿತ್ರವೊಂದು ಅತ್ಯುತ್ತಮ ನಿದರ್ಶನ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿ ೧೯೬೫ರಲ್ಲಿ ಪ್ರಕಟವಾಯಿತು. ಮಾಧ್ವ ಅಗ್ರಹಾರದ ಚಿತ್ರಣವನ್ನು ಕುರಿತು ತೀವ್ರವಾದ ವಾದವಿವಾದಗಳು ನಡೆದವು. ಆದರೆ ಕಾದಂಬರಿ ಓದುಗರ ಕೈಯಲ್ಲಿಯೇ ಇತ್ತು. ಒಪ್ಪಿದವರೂ ಒಪ್ಪದವರೂ ಅದನ್ನು ಓದಿಯೇ ಮಾತನಾಡಿದರು. ಪಟ್ಟಾಭಿರಾಮ ರೆಡ್ಡಿಯವರು ಅದನ್ನೇ ಚಿತ್ರವನ್ನಾಗಿ ಮಾಡಿದಾಗ, ಗಿರೀಶ ಕಾರ್ನಾಡರು ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರ ವಹಿಸಿದರು, ನಾರಣಪ್ಪನಾಗಿ ಪಿ. ಲಂಕೇಶರು, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿಯವರು ಅಭಿನಯಿಸಿದರು. ಜಾತಿಗಳ ನಡುವೆ ಕ್ಷೋಭೆ ಉಂಟಾದೀತೆಂದು ಮದರಾಸಿನ ಸೆನ್ಸಾರ್ ಮಂಡಳಿ ಪ್ರದರ್ಶನಕ್ಕೆ ಅನುಮತಿ ನಿರಾಕರಿಸಿತು. ಆಗ ಮೇಲ್ಮನವಿ ಕೇಂದ್ರ ಸರ್ಕಾರಕ್ಕೇ ಸಲ್ಲುತ್ತಿತ್ತು. ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಮಟ್ಟದಲ್ಲಿ ನಿಷೇಧ ತೆರವಾಗಿ ಚಿತ್ರ ಬಿಡುಗಡೆಗೊಂಡಿತು. ೧೯೭೦ನೆಯ ಸಾಲಿನ ಅತ್ಯುತ್ತಮ ಚಲನಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕವನ್ನು ಅದು ಪಡೆಯಿತು. ಆ ಗೌರವ ಕನ್ನಡ ಚಿತ್ರವೊಂದಕ್ಕೆ ಸಂದುದು ಅದೇ ಮೊದಲು.

ಒಂದೇ ಆಡಳಿತದ ಒಂದು ಅಂಗ ಸಮಾಜಕ್ಕೆ ಅಪಾಯಕಾರಿಯೆಂದು ತಡೆದ ಚಿತ್ರವನ್ನು ಇನ್ನೊಂದು ಅಂಗ ವರ್ಷದ ಶ್ರೇಷ್ಠ ಕೃತಿಯೆಂದು ಗೌರವಿಸಿತು. ಚಿತ್ರ ಬಿಡುಗಡೆಯಾದ ಮೇಲೆ ಮಂಡಳಿ ಊಹಿಸಿದ ಕ್ಷೋಭೆ ನಾಡನ್ನು ಕದಡಲಿಲ್ಲ. ಭಾವನೆಯ ಹೆಸರಿನಲ್ಲಿ ಮುಂದಾಗಿ ಹೇರುವ ನಿರ್ಬಂಧದ ಮೂಲದೋಷ ಇಲ್ಲಿ ಎದ್ದು ಕಾಣುತ್ತದೆ. ನೋಡದ ಚಿತ್ರದಿಂದ ಯಾರ ಮನಸ್ಸು ನೊಂದೀತೆಂಬುದನ್ನು ನಾಲ್ಕಾರು ಮಂದಿ ಕೋಣೆಯೊಂದರಲ್ಲಿ ಕುಳಿತು ಅಂದಾಜು ಮಾಡಬೇಕಾಗುತ್ತದೆ. ಆ ಅಂದಾಜು ತಪ್ಪಿದರೂ ಅದಕ್ಕೆ ಬೆಲೆ ತೆರುವವನು ನಿರ್ಮಾಪಕ ಮಾತ್ರ.

ಮೈಸೂರಿನವರಾದ ಎಂ.ಎಸ್. ಸತ್ಯು ನಿರ್ದೇಶಿಸಿದ 'ಗರಂ ಹವಾ'ದ ಕಥೆಯೂ ಇದಕ್ಕೆ ಸಮೀಪದ್ದು. ದೇಶವಿಭಜನೆಯ ಅನಂತರ ಆಗ್ರಾದಲ್ಲಿಯೇ ಉಳಿದ ಮುಸ್ಲಿಂ ಕುಟುಂಬವೊಂದರ ಪಾಡನ್ನು ಹೇಳುವ ಆ ಚಿತ್ರ, ಕೋಮುಗಲಭೆಯ ಭಯದಿಂದಾಗಿ ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ತಡೆಯಲ್ಪಟ್ಟಿತು. ನಾಯಕ ಪಾತ್ರಧಾರಿ ಬಲರಾಜ್ ಸಾಹ್ನಿಯವರು ೧೯೭೩ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಚಿತ್ರ ಬಿಡುಗಡೆಯಾದುದನ್ನು ಅವರು ನೋಡಲಿಲ್ಲ. ಗಲಭೆ ಎಬ್ಬಿಸೀತೆಂದು ತಡೆದ ಈ ಚಿತ್ರಕ್ಕೆ ಕಡೆಗೆ ಸಂದದ್ದು ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ.

೩. ಯಾರ ಮನಸ್ಸು ಅಳತೆಗೋಲು?

ಸಮುದಾಯದಲ್ಲಿ ಬೇಗ ಕೆರಳುವವರಿದ್ದಾರೆ, ಸಾವಧಾನದಿಂದ ನೋಡುವವರಿದ್ದಾರೆ. ಇವರಲ್ಲಿ ಯಾರ ಪ್ರತಿಕ್ರಿಯೆಯನ್ನು ಪ್ರಮಾಣವಾಗಿ ಸ್ವೀಕರಿಸಬೇಕು? ೧೯೮೮ರಲ್ಲಿ 'ತಮಸ್' ಧಾರಾವಾಹಿಯ ವಿಷಯದಲ್ಲಿ ಈ ಪ್ರಶ್ನೆ ಎದ್ದಿತು. ಭೀಷ್ಮ ಸಾಹ್ನಿಯವರ ಕಾದಂಬರಿಯನ್ನು ಆಧರಿಸಿ ಗೋವಿಂದ ನಿಹಲಾನಿ ನಿರ್ದೇಶಿಸಿದ ಈ ಧಾರಾವಾಹಿ ದೂರದರ್ಶನದಲ್ಲಿ ಪ್ರಸಾರವಾಗುತ್ತಿದ್ದಾಗ ಅದನ್ನು ನಿಲ್ಲಿಸಬೇಕೆಂಬ ಅರ್ಜಿ ಬಂದಿತು. ಮುಂಬಯಿ ಉಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಅದನ್ನು ಸ್ವತಃ ನೋಡಿ ತಡೆಯಾಜ್ಞೆ ನಿರಾಕರಿಸಿದರು. ಸರ್ವೋಚ್ಚ ನ್ಯಾಯಾಲಯವೂ ಅದೇ ನಿಲುವಿಗೆ ಬಂದಿತು. ವಿವೇಕವುಳ್ಳ, ದೃಢಮನಸ್ಸಿನ, ಧೈರ್ಯವಂತ ವ್ಯಕ್ತಿಯ ಪ್ರತಿಕ್ರಿಯೆಯೇ ಅಳತೆಗೋಲಾಗಬೇಕು. ಎಲ್ಲದರಲ್ಲಿಯೂ ಅಪಾಯವನ್ನೇ ಕಾಣುವ ದುರ್ಬಲ ಮನಸ್ಸು ಅಳತೆಗೋಲಲ್ಲ ಎಂಬುದು ಅದರ ಸಾರ. ಈ ಸೂತ್ರ ನಾಗಪುರ ಉಚ್ಚ ನ್ಯಾಯಾಲಯದ ಹಿಂದಿನ ತೀರ್ಪೊಂದರಿಂದ ಬಂದುದು.

ಮರುವರ್ಷ, ೧೯೮೯ರ ಮಾರ್ಚ್ ೩೦ರಂದು, ಈ ಕ್ಷೇತ್ರದ ಅತಿ ಮುಖ್ಯವಾದ ತೀರ್ಪು ಬಂದಿತು. 'ಒರೇ ಒರು ಗ್ರಾಮತ್ತಿಲೇ' ಎಂಬ ತಮಿಳು ಚಿತ್ರ ಜಾತಿಯಾಧಾರಿತ ಮೀಸಲಾತಿಯನ್ನು ಟೀಕಿಸಿ ಆರ್ಥಿಕ ಮಾನದಂಡದ ಪರವಾಗಿ ವಾದಿಸಿತ್ತು. ಹಿಂದುಳಿದ ಸಮುದಾಯಗಳಿಗೆ ಇದು ಅವಮಾನಕರ, ತಮಿಳುನಾಡಿನಲ್ಲಿ ಪ್ರದರ್ಶನವಾದರೆ ಹಿಂಸೆ ನಡೆಯುತ್ತದೆ ಎಂಬ ವಾದವನ್ನು ಒಪ್ಪಿ ಮದರಾಸು ಉಚ್ಚ ನ್ಯಾಯಾಲಯ ಪ್ರಮಾಣಪತ್ರವನ್ನು ರದ್ದುಮಾಡಿತ್ತು. ಇದೂ ರಾಷ್ಟ್ರಪ್ರಶಸ್ತಿ ಪಡೆದ ಚಿತ್ರವೇ. ಸರ್ವೋಚ್ಚ ನ್ಯಾಯಾಲಯ ಪ್ರಮಾಣಪತ್ರವನ್ನು ಮರಳಿ ಸ್ಥಾಪಿಸಿತು. ತೀರ್ಪನ್ನು ಬರೆದವರು ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರು.

ಈ ತೀರ್ಪಿನ ಎರಡು ಅಂಶಗಳು ಮುಂದಿನ ಎಲ್ಲ ಚರ್ಚೆಗೆ ತಳಹದಿಯಾದವು. ಮೊದಲನೆಯದು, ಅಭಿವ್ಯಕ್ತಿಗೂ ಅಪಾಯಕ್ಕೂ ನೇರವಾದ, ಹತ್ತಿರದ ಸಂಬಂಧವಿರಬೇಕೆಂಬುದು. ಮದ್ದಿನ ಪೀಪಾಯಿಗೆ ಕಿಡಿ ತಗುಲಿದಂತೆ ಮಾತಿನಿಂದಲೇ ಅನಾಹುತ ಸಂಭವಿಸುವಂತಿದ್ದರೆ ಮಾತ್ರ ಅದನ್ನು ತಡೆಯಬಹುದು. ಊಹೆಯ, ದೂರದ ಅಪಾಯ ಸಾಲದು. ಎರಡನೆಯದು, ಪ್ರತಿಭಟನೆ ಅಥವಾ ಹಿಂಸೆಯ ಬೆದರಿಕೆಗೆ ಮಣಿದು ಸರ್ಕಾರ ಸ್ವಾತಂತ್ರ್ಯವನ್ನು ಹತ್ತಿಕ್ಕಲಾಗದೆಂಬುದು. ಕೆರಳಿದ ಪ್ರೇಕ್ಷಕರನ್ನು ನಿಭಾಯಿಸಲು ತನಗೆ ಸಾಧ್ಯವಿಲ್ಲವೆಂದು ಸರ್ಕಾರ ಹೇಳುವಂತಿಲ್ಲ. ಹೇಳಿದರೆ ಕಾನೂನಿನ ಆಡಳಿತವನ್ನೇ ಬಿಟ್ಟುಕೊಟ್ಟಂತಾಗುತ್ತದೆ. ಅಂದರೆ ನಾವು ಎರಡನೆಯ ಬಾಗಿಲೆಂದು ಗುರುತಿಸಿದ 'ಸಾರ್ವಜನಿಕ ಸುವ್ಯವಸ್ಥೆ'ಯ ತರ್ಕ ಇಲ್ಲಿ ತಿರುವುಮುರುವಾಯಿತು. ಅಲ್ಲಿಯವರೆಗೆ ಸುವ್ಯವಸ್ಥೆಯ ಹೊಣೆ ಚಿತ್ರದ ಮೇಲಿತ್ತು. ಈಗ ಅದು ಪೊಲೀಸರ ಮೇಲೆ ಬಂದಿತು.

೧೯೯೬ರಲ್ಲಿ ಶೇಖರ್ ಕಪೂರ್ ಅವರ 'ಬ್ಯಾಂಡಿಟ್ ಕ್ವೀನ್' ಚಿತ್ರದ ಮೊಕದ್ದಮೆಯಲ್ಲಿಯೂ ಆಕ್ಷೇಪ ಸಮುದಾಯದ ಹೆಸರಿನಲ್ಲಿಯೇ ಬಂದಿತು. ಅತ್ಯಾಚಾರಿಯ ಪಾತ್ರದಿಂದ ತಮ್ಮ ಗುಜ್ಜರ ಸಮುದಾಯಕ್ಕೆ ಅಪಮಾನವಾಗಿದೆಯೆಂದು ಅರ್ಜಿದಾರರು ವಾದಿಸಿದರು. ದೆಹಲಿ ಉಚ್ಚ ನ್ಯಾಯಾಲಯ ಅದನ್ನು ಮನ್ನಿಸಿದರೂ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ದೃಶ್ಯವನ್ನು ಕಥೆಯಿಂದ ಬೇರ್ಪಡಿಸಿ ನೋಡಬಾರದು, ಹೆಣ್ಣಿನ ಮೇಲಿನ ಕ್ರೌರ್ಯವನ್ನು ತೋರಿಸುವುದು ಅದನ್ನು ಖಂಡಿಸುವುದಕ್ಕಾಗಿ ಎಂಬುದು ಅದರ ನಿಲುವಾಗಿತ್ತು. ಪಾತ್ರವೊಂದು ಒಂದು ಜಾತಿಗೆ ಸೇರಿದೆಯೆಂಬ ಮಾತ್ರಕ್ಕೆ ಅದು ಆ ಜಾತಿಯ ಪ್ರತಿನಿಧಿಯಾಗುವುದಿಲ್ಲ.

೪. ಶಂಕರಪ್ಪನವರ ಮೊಕದ್ದಮೆ

'ಸಂಸ್ಕಾರ'ವನ್ನು ಬಿಡಿಸಿದ್ದು ಕೇಂದ್ರ ಸರ್ಕಾರದ ಹಸ್ತ. ಬಿಡಿಸಬಲ್ಲ ಹಸ್ತ ಹಿಡಿಯಲೂ ಬಲ್ಲದು. ೧೯೮೩ರಲ್ಲಿ ಮೇಲ್ಮನವಿ ನ್ಯಾಯಾಧಿಕರಣ ಅಸ್ತಿತ್ವಕ್ಕೆ ಬಂದ ಮೇಲೂ, ಮಂಡಳಿಯಾಗಲಿ ನ್ಯಾಯಾಧಿಕರಣವಾಗಲಿ ತೀರ್ಮಾನಿಸಿದ ಯಾವುದೇ ಚಿತ್ರದ ಕಡತವನ್ನು ತರಿಸಿಕೊಂಡು ಬೇರೆ ಆದೇಶ ಮಾಡುವ ಅಧಿಕಾರವನ್ನು ಕಾಯಿದೆಯ ೬ನೆಯ ಕಲಂ ಸರ್ಕಾರಕ್ಕೆ ಉಳಿಸಿಕೊಟ್ಟಿತ್ತು. ಕನ್ನಡ ಚಿತ್ರ ನಿರ್ದೇಶಕ ಕೆ.ಎಂ. ಶಂಕರಪ್ಪನವರು ಇದನ್ನು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ೧೯೯೦ರಲ್ಲಿ ನ್ಯಾಯಾಲಯ, ಮಂಡಳಿ ತೀರ್ಮಾನಿಸಿದ ಚಿತ್ರಗಳ ಮಟ್ಟಿಗೆ ಆ ಅಧಿಕಾರ ಸಂವಿಧಾನಬಾಹಿರವೆಂದು ಸಾರಿತು. ಕೇಂದ್ರ ಸರ್ಕಾರ ಮೇಲ್ಮನವಿ ಸಲ್ಲಿಸಿತು. ೨೦೦೦ದ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ತೀರ್ಪನ್ನು ಎತ್ತಿಹಿಡಿಯಿತು.

ತೀರ್ಪಿನ ತರ್ಕ ಸರಳವಾದುದು. ಮಂಡಳಿ ಅರೆ-ನ್ಯಾಯಿಕ ಸ್ವರೂಪದ ತಜ್ಞಸಂಸ್ಥೆ. ಚಿತ್ರದಿಂದ ಜನರ ಮೇಲಾಗುವ ಪರಿಣಾಮವನ್ನು ಅದು ಪರಿಶೀಲಿಸಿ ತೀರ್ಮಾನ ಕೊಟ್ಟ ಮೇಲೆ ಕಾರ್ಯಾಂಗ ಅದರ ಮೇಲೆ ಪುನಃ ತೀರ್ಪುಗಾರನಾಗಿ ಕೂಡುವಂತಿಲ್ಲ. ಶಾಂತಿಭಂಗದ ಸಾಧ್ಯತೆಯೂ ಇದಕ್ಕೆ ನೆಪವಾಗದು. ಶಾಂತಿ ಕಾಪಾಡುವುದೇ ಸರ್ಕಾರದ ಕೆಲಸ. ಹೀಗೆ ಚಿತ್ರೋದ್ಯಮದ ಒಳಗಿನಿಂದಲೇ ಬಂದ ಕನ್ನಡಿಗರೊಬ್ಬರ ಅರ್ಜಿ ಇಡೀ ದೇಶದ ಚಲನಚಿತ್ರಗಳಿಗೆ ರಕ್ಷಣೆಯೊದಗಿಸಿತು. ಈ ಅಧಿಕಾರವನ್ನು ಮರಳಿ ಪಡೆಯುವ ಪ್ರಸ್ತಾವವೊಂದು ೨೦೨೧ರ ಜೂನ್‌ನಲ್ಲಿ ಪ್ರಕಟವಾದ ಕರಡು ಮಸೂದೆಯಲ್ಲಿತ್ತು. ಚಿತ್ರರಂಗದವರು ಅದನ್ನು ವ್ಯಾಪಕವಾಗಿ ವಿರೋಧಿಸಿದರು. ೨೦೨೩ರಲ್ಲಿ ಅಂಗೀಕಾರವಾದ ತಿದ್ದುಪಡಿ ಕಾಯಿದೆಯಲ್ಲಿ ಆ ಪ್ರಸ್ತಾವ ಉಳಿಯಲಿಲ್ಲ.

೫. ರಾಜ್ಯಗಳು ಮತ್ತು ಬೀದಿ

ಕೇಂದ್ರದ ಕೈ ಹೀಗೆ ಹಿಂದೆ ಸರಿದಾಗ ರಾಜ್ಯಗಳ ಕೈ ಮುಂದೆ ಬಂದಿತು. ಇದಕ್ಕೆ ಸಂವಿಧಾನದ ರಚನೆಯಲ್ಲಿಯೇ ಕಾರಣವಿದೆ. ಪ್ರದರ್ಶನಕ್ಕಾಗಿ ಚಿತ್ರವನ್ನು ಮಂಜೂರು ಮಾಡುವುದು ಕೇಂದ್ರ ಪಟ್ಟಿಯ ೬೦ನೆಯ ನಮೂದು. ಚಿತ್ರಮಂದಿರಗಳು ರಾಜ್ಯ ಪಟ್ಟಿಯ ೩೩ನೆಯ ನಮೂದಿನಲ್ಲಿ, ಕೇಂದ್ರದ ಆ ಅಧಿಕಾರಕ್ಕೆ ಒಳಪಟ್ಟು, ಬರುತ್ತವೆ. ಪೊಲೀಸು ಮತ್ತು ಸುವ್ಯವಸ್ಥೆ ರಾಜ್ಯದವೇ. ಹೀಗಾಗಿ ಚಿತ್ರಕ್ಕೆ ಪ್ರಮಾಣಪತ್ರ ಕೊಡುವವರು ಒಬ್ಬರು, ಅದು ತೆರೆಕಾಣುವ ಮಂದಿರಕ್ಕೆ ಪರವಾನಗಿ ಕೊಡುವವರು ಇನ್ನೊಬ್ಬರು.

೨೦೧೧ರಲ್ಲಿ ಪ್ರಕಾಶ್ ಝಾ ಅವರ 'ಆರಕ್ಷಣ್' ಚಿತ್ರವನ್ನು ಉತ್ತರ ಪ್ರದೇಶ ಸರ್ಕಾರ ತಡೆಹಿಡಿಯಿತು. ಸರ್ವೋಚ್ಚ ನ್ಯಾಯಾಲಯ ಅದೇ ಆಗಸ್ಟ್‌ನಲ್ಲಿ ಆ ಆದೇಶವನ್ನು ರದ್ದುಗೊಳಿಸಿತು. ೨೦೧೩ರ ಜನವರಿಯಲ್ಲಿ ಕಮಲ್ ಹಾಸನ್ ಅವರ 'ವಿಶ್ವರೂಪಂ' ಚಿತ್ರಕ್ಕೆ ಪ್ರಮಾಣಪತ್ರ ದೊರೆತಿದ್ದರೂ ಮುಸ್ಲಿಂ ಸಂಘಟನೆಗಳ ಆಕ್ಷೇಪದ ಹಿನ್ನೆಲೆಯಲ್ಲಿ ತಮಿಳುನಾಡಿನ ಜಿಲ್ಲಾಧಿಕಾರಿಗಳು ೧೪೪ನೆಯ ಕಲಂನ ಅಡಿಯಲ್ಲಿ ಪ್ರದರ್ಶನವನ್ನು ತಡೆದರು. ಕೆಲವು ಭಾಗಗಳನ್ನು ಬದಲಿಸಲು ಒಪ್ಪಂದವಾದ ಮೇಲೆ ಫೆಬ್ರವರಿ ೭ರಂದು ಅಲ್ಲಿ ಚಿತ್ರ ತೆರೆಕಂಡಿತು. ಈ ಬದಲಾವಣೆ ಮಂಡಳಿ ಸೂಚಿಸಿದ್ದಲ್ಲ. ಸಂಘಟನೆಗಳೊಡನೆ ಕುಳಿತು ಮಾಡಿಕೊಂಡ ರಾಜಿಯ ಫಲ. ೨೦೧೮ರಲ್ಲಿ 'ಪದ್ಮಾವತಿ' ಎಂಬ ಹೆಸರು 'ಪದ್ಮಾವತ್' ಎಂದಾಗಿ ಪ್ರಮಾಣಪತ್ರ ಬಂದ ಮೇಲೂ ರಾಜಸ್ಥಾನ, ಗುಜರಾತ್ ಮೊದಲಾದ ರಾಜ್ಯಗಳು ನಿಷೇಧಕ್ಕೆ ಮುಂದಾದವು. ಜನವರಿ ೧೮ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶಗಳಿಗೆ ತಡೆ ನೀಡಿತು.

ಲಿಖಿತ ಆದೇಶವಿದ್ದರೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಆದೇಶವೇ ಇಲ್ಲದೆ ಚಿತ್ರ ಕಣ್ಮರೆಯಾದರೆ? ೨೦೧೯ರ ಫೆಬ್ರವರಿಯಲ್ಲಿ ಅನೀಕ್ ದತ್ತ ಅವರ 'ಭೊಬಿಷ್ಯೊತೆರ್ ಭೂತ್' ಎಂಬ ಬಂಗಾಳಿ ವಿಡಂಬನ ಚಿತ್ರ ಬಿಡುಗಡೆಯಾದ ಮರುದಿನವೇ ಪಶ್ಚಿಮ ಬಂಗಾಳದ ಚಿತ್ರಮಂದಿರಗಳಿಂದ ಹೊರಬಿದ್ದಿತು. ನಿಷೇಧದ ಆದೇಶ ಎಲ್ಲಿಯೂ ಇರಲಿಲ್ಲ. ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ರಾಜ್ಯ ಸರ್ಕಾರಕ್ಕೆ ೨೦ ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು. ಅಭಿವ್ಯಕ್ತಿಯನ್ನು ತಾನು ತಡೆಯದಿರುವುದಷ್ಟೇ ಅಲ್ಲದೆ, ಇತರರು ತಡೆಯದಂತೆ ನೋಡಿಕೊಳ್ಳುವುದೂ ಸರ್ಕಾರದ ಹೊಣೆಯೆಂಬುದನ್ನು ಈ ತೀರ್ಪು ಸ್ಪಷ್ಟಪಡಿಸಿತು.

೬. ನಮ್ಮ ಭಾವನೆ, ಅವರ ಚಿತ್ರ

ಇಲ್ಲಿಯವರೆಗಿನ ನಿದರ್ಶನಗಳಲ್ಲಿ ಆಕ್ಷೇಪಿಸಿದವರು ಇತರರು. ಕನ್ನಡಿಗರೇ ಆಕ್ಷೇಪಿಸಿದ ಪ್ರಸಂಗಗಳನ್ನು ಅದೇ ಅಳತೆಗೋಲಿನಿಂದ ಅಳೆಯದಿದ್ದರೆ ವಿವೇಚನೆ ಏಕಪಕ್ಷೀಯವಾಗುತ್ತದೆ.

೨೦೧೮ರಲ್ಲಿ ಕಾವೇರಿ ವಿಷಯದಲ್ಲಿ ರಜನೀಕಾಂತ್ ಅವರು ಆಡಿದ ಮಾತಿನ ಕಾರಣಕ್ಕೆ ಅವರ 'ಕಾಲಾ' ಚಿತ್ರಕ್ಕೆ ಕರ್ನಾಟಕದಲ್ಲಿ ವಿರೋಧ ವ್ಯಕ್ತವಾಯಿತು. ಚಿತ್ರ ಬಿಡುಗಡೆಯಾದರೆ ರಕ್ಷಣೆ ಒದಗಿಸುವಂತೆ ಕರ್ನಾಟಕ ಉಚ್ಚ ನ್ಯಾಯಾಲಯ ರಾಜ್ಯ ಸರ್ಕಾರಕ್ಕೆ ಸೂಚಿಸಿತು. ೨೦೨೫ರ ಮೇ ತಿಂಗಳಲ್ಲಿ ಚೆನ್ನೈಯ ಸಮಾರಂಭವೊಂದರಲ್ಲಿ ಕಮಲ್ ಹಾಸನ್ ಅವರು ಕನ್ನಡ ತಮಿಳಿನಿಂದ ಹುಟ್ಟಿದ ಭಾಷೆ ಎಂಬರ್ಥದ ಮಾತನಾಡಿದರು. ಅವರು ಕ್ಷಮೆ ಕೇಳದಿದ್ದರೆ 'ಥಗ್ ಲೈಫ್' ಚಿತ್ರ ಕರ್ನಾಟಕದಲ್ಲಿ ಬಿಡುಗಡೆಯಾಗದೆಂದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ನಿಲುವು ತಳೆಯಿತು. ಜೂನ್ ೫ರಂದು ಚಿತ್ರ ದೇಶದ ಉಳಿದೆಡೆ ತೆರೆಕಂಡಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, ಪ್ರಮಾಣಪತ್ರ ಪಡೆದ ಚಿತ್ರಕ್ಕೆ ಬೀದಿಯ ಗುಂಪು ಅಡ್ಡಿಯಾಗಲಾಗದು, ಪ್ರದರ್ಶನಕ್ಕೆ ಅವಕಾಶ ಮಾಡಿಕೊಡುವುದು ರಾಜ್ಯದ ಕರ್ತವ್ಯ ಎಂಬ ನಿಲುವನ್ನು ಪೀಠ ವ್ಯಕ್ತಪಡಿಸಿತು. ರಾಜ್ಯ ಸರ್ಕಾರ ರಕ್ಷಣೆಯ ಭರವಸೆ ಕೊಟ್ಟ ಮೇಲೆ ಜೂನ್ ೧೯ರಂದು ಪ್ರಕರಣ ಮುಕ್ತಾಯಗೊಂಡಿತು. ಅಷ್ಟರಲ್ಲಿ ಚಿತ್ರ ಬೇರೆಡೆ ಬಿಡುಗಡೆಯಾಗಿ ಎರಡು ವಾರಗಳು ಕಳೆದಿದ್ದವು. ಮೊದಲ ವಾರದ ಗಳಿಕೆಯ ಮೇಲೆ ನಿಂತ ಉದ್ಯಮದಲ್ಲಿ ತಡವಾಗಿ ಬಂದ ನ್ಯಾಯದ ಬೆಲೆ ಎಷ್ಟೆಂಬುದನ್ನು ಊಹಿಸಬಹುದು.

ಈ ಎರಡು ಪ್ರಸಂಗಗಳಿಗೂ 'ಸಂಸ್ಕಾರ', 'ತಮಸ್' ಪ್ರಸಂಗಗಳಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಲ್ಲಿ ಆಕ್ಷೇಪ ಕೃತಿಯ ಒಳಗಿನ ಚಿತ್ರಣವನ್ನು ಕುರಿತದ್ದು. ಇಲ್ಲಿ ಕೃತಿಯ ಬಗೆಗೆ ಯಾರ ತಕರಾರೂ ಇರಲಿಲ್ಲ. ನಟ ಹೊರಗೆ ಆಡಿದ ಮಾತಿಗೆ ಚಿತ್ರವನ್ನು ಒತ್ತೆಯಾಗಿ ಹಿಡಿಯಲಾಯಿತು. ಪ್ರಮಾಣೀಕರಣ ಮಂಡಳಿ ಎಷ್ಟೇ ಎಚ್ಚರದಿಂದ ಚಿತ್ರವನ್ನು ಪರೀಕ್ಷಿಸಿದರೂ ಇಂಥ ಆಕ್ಷೇಪಕ್ಕೆ ಅದರ ಬಳಿ ಉತ್ತರವಿಲ್ಲ.

ಭಾಷಾವಿಜ್ಞಾನದ ದೃಷ್ಟಿಯಿಂದ ಆ ಮಾತು ಸರಿಯಾದುದಲ್ಲ. ಕನ್ನಡವೂ ತಮಿಳೂ ಮೂಲ ದಕ್ಷಿಣ ದ್ರಾವಿಡದಿಂದ ಕವಲೊಡೆದ ಸೋದರ ಭಾಷೆಗಳು. ಒಂದು ಇನ್ನೊಂದರ ಮಗುವಲ್ಲ. ಹೊರನಾಡಿನ ಕನ್ನಡ ಪೀಠಗಳೂ ವಿಭಾಗಗಳೂ ವಿದ್ವತ್ತಿನ ಮೂಲಕ, ತಮಿಳು ವಿದ್ವಾಂಸರ ಮುಂದೆಯೇ ನಿಂತು, ಅಧಿಕಾರಯುತವಾಗಿ ಹೇಳಬಹುದಾದ ಮಾತಿದು. ಚಿತ್ರಮಂದಿರದ ಬಾಗಿಲು ಮುಚ್ಚಿಸಿದುದರಿಂದ ಈ ಸತ್ಯಕ್ಕೆ ಹೊಸ ಪುರಾವೆಯೇನೂ ಸೇರಲಿಲ್ಲ. ಬದಲಿಗೆ ಚರ್ಚೆ ಭಾಷೆಯ ಇತಿಹಾಸವನ್ನು ಬಿಟ್ಟು ಕಾನೂನು ಸುವ್ಯವಸ್ಥೆಯತ್ತ ಹೊರಳಿತು.

೭. ಭಾವನೆಯ ಪರವಾದ ವಾದ

ಸಮುದಾಯದ ಭಾವನೆಯನ್ನು ಕೇವಲ ಅಸಹನೆಯೆಂದು ತಳ್ಳಿಹಾಕುವುದು ಸರಿಯಲ್ಲ. ಅದರ ಹಿಂದೆ ಗಟ್ಟಿಯಾದ ವಾದವೊಂದಿದೆ. ಕ್ಯಾಮರಾ ಎಲ್ಲರ ಕೈಯಲ್ಲಿ ಸಮಾನವಾಗಿಲ್ಲ. ಬಹುಕಾಲ ತೆರೆಯ ಮೇಲೆ ನಗೆಪಾಟಲಿಗೋ ಕ್ರೌರ್ಯಕ್ಕೋ ಮಾತ್ರ ಕಾಣಿಸಿಕೊಂಡ ಸಮುದಾಯಕ್ಕೆ ಮರುಚಿತ್ರ ಮಾಡಿ ಉತ್ತರ ಕೊಡುವ ಬಂಡವಾಳವಿರುವುದಿಲ್ಲ. ಸ್ವರ್ಣಕಮಲ ಪಡೆಯಬಲ್ಲ ಚಿತ್ರಕ್ಕೂ ಸಮುದಾಯವೊಂದರ ಮೇಲೆ ದ್ವೇಷ ಬಿತ್ತಿ ಲಾಭ ಮಾಡಿಕೊಳ್ಳುವ ಚಿತ್ರಕ್ಕೂ ಒಂದೇ ರಕ್ಷಣೆ ಸಲ್ಲಬೇಕೇ ಎಂಬ ಪ್ರಶ್ನೆಯನ್ನೂ ಅಲಕ್ಷಿಸಲಾಗದು. 'ಒರೇ ಒರು ಗ್ರಾಮತ್ತಿಲೇ' ಚಿತ್ರವನ್ನು ವಿರೋಧಿಸಿದವರ ಆತಂಕದಲ್ಲಿ ಮೀಸಲಾತಿಯಂಥ ಜೀವನಾಧಾರದ ಪ್ರಶ್ನೆಯಿತ್ತು. 'ಸಂಸ್ಕಾರ'ದ ವಿರುದ್ಧದ ಆತಂಕದೊಡನೆ ಅದನ್ನು ಸಮೀಕರಿಸಲಾಗದು.

ಕಾನೂನು ಇದಕ್ಕೆ ಕೊಟ್ಟಿರುವ ಉತ್ತರ ಉದ್ದೇಶದ ವಿವೇಚನೆ. ೧೯೫೭ರ ರಾಮಜಿ ಲಾಲ್ ಮೋದಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ದಂಡಸಂಹಿತೆಯ ೨೯೫-ಎ ಕಲಂ ಅನ್ನು ಎತ್ತಿಹಿಡಿದುದು, ಅದು ಬುದ್ಧಿಪೂರ್ವಕವಾಗಿ ದುರುದ್ದೇಶದಿಂದ ಮಾಡಿದ ಅವಮಾನವನ್ನು ಮಾತ್ರ ಶಿಕ್ಷಿಸುತ್ತದೆ ಎಂಬ ಕಾರಣಕ್ಕೆ. ಅಜಾಗರೂಕತೆಯಿಂದಾದ ನೋವು, ವಿಮರ್ಶೆಯಿಂದಾದ ನೋವು ಇದರಲ್ಲಿ ಸೇರುವುದಿಲ್ಲ. ದ್ವೇಷಪ್ರಚಾರಕ್ಕೆ ಶಿಕ್ಷೆಯಿದೆ, ಆದರೆ ಅದನ್ನು ವಿಚಾರಣೆ ನಡೆಸಿ, ಸಾಕ್ಷ್ಯ ನೋಡಿ, ನ್ಯಾಯಾಲಯ ವಿಧಿಸಬೇಕು. ಟೀಕೆ, ಬಹಿಷ್ಕಾರ, ಶಾಂತಿಯುತ ಪ್ರತಿಭಟನೆ, ಕಾನೂನುಕ್ರಮ ಇವೆಲ್ಲ ನೊಂದವರ ಹಕ್ಕುಗಳೇ. ತಾನು ನೋಡದಿರುವುದು ಬಹಿಷ್ಕಾರ. ಇನ್ನೊಬ್ಬನು ನೋಡದಂತೆ ಮಾಡುವುದು ನಿಷೇಧ. ಮೊದಲನೆಯದು ನಾಗರಿಕನ ಹಕ್ಕು. ಎರಡನೆಯದಕ್ಕೆ ಕಾನೂನಿನ ಅಧಿಕಾರ ಬೇಕು, ಆ ಅಧಿಕಾರ ಸಂಘಟನೆಗಳಿಗೆ ಇಲ್ಲ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂಡುವ ಚಿತ್ರ ಇಷ್ಟು. ನ್ಯಾಯಾಲಯದ ತತ್ತ್ವಗಳು ಒಂದೇ ದಿಕ್ಕಿನಲ್ಲಿ ಬೆಳೆದಿವೆ: ಭಾವನೆಗೆ ಗೌರವವಿದೆ, ತಡೆಯೊಡ್ಡುವ ಹಕ್ಕಿಲ್ಲ. ಆಚರಣೆ ಮಾತ್ರ ಇದರ ಎದುರು ದಿಕ್ಕಿನಲ್ಲಿ ಸಾಗಿದೆ. ಮಂಡಳಿಯ ಕೋಣೆಯಲ್ಲಿ ಕಾರಣ ಬರೆದಿಟ್ಟು ಆಗುತ್ತಿದ್ದ ಸೆನ್ಸಾರು ಈಗ ಪ್ರಮಾಣಪತ್ರದ ಅನಂತರ, ಕಾರಣ ಬರೆಯದೆ, ಯಾರ ಸಹಿಯೂ ಇಲ್ಲದೆ ಆಗುತ್ತಿದೆ. ೨೦೨೧ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಧಿಕರಣವನ್ನು ರದ್ದುಗೊಳಿಸಿದುದರಿಂದ ನಿರ್ಮಾಪಕರು ನೇರವಾಗಿ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕಾಗಿದೆ. ಸಣ್ಣ ಬಂಡವಾಳದ ಪ್ರಾದೇಶಿಕ ಚಿತ್ರಗಳಿಗೆ ಇದು ದುಬಾರಿಯ ದಾರಿ. ೨೦೨೩ರ ತಿದ್ದುಪಡಿ 'ಯುಎ' ವರ್ಗವನ್ನು ೭, ೧೩ ಮತ್ತು ೧೬ ವರ್ಷಗಳೆಂದು ವಿಂಗಡಿಸಿ, ಕತ್ತರಿಸುವುದರ ಬದಲು ವರ್ಗೀಕರಿಸುವ ಕಡೆಗೆ ಒಂದು ಹೆಜ್ಜೆ ಇಟ್ಟಿದೆಯಾದರೂ ಬೀದಿಯ ಸೆನ್ಸಾರಿಗೆ ಅದರಲ್ಲಿ ಪರಿಹಾರವಿಲ್ಲ.

ಸಂಶೋಧಕರು ಇಂಥ ಯಾವುದೇ ವಿವಾದವನ್ನು ಅಧ್ಯಯನ ಮಾಡುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಪಯುಕ್ತ. ಆಕ್ಷೇಪ ಕೃತಿಯ ಒಳಗಿನದನ್ನು ಕುರಿತದ್ದೇ, ಹೊರಗಿನದನ್ನೇ? ಆಕ್ಷೇಪಿಸಿದವರು ಕೃತಿಯನ್ನು ನೋಡಿದ್ದರೇ? ತಡೆದವರು ಯಾರು, ಅವರ ಅಧಿಕಾರದ ಮೂಲ ಯಾವುದು? ತಡೆಗೆ ಲಿಖಿತ ಕಾರಣವಿತ್ತೇ? ಈ ಪ್ರಶ್ನೆಗಳಿಗೆ ಸಿಗುವ ಉತ್ತರಗಳು, ಯಾರ ಮನಸ್ಸು ಎಷ್ಟು ನೊಂದಿತೆಂಬ ವಿವರಣೆಗಿಂತ ಹೆಚ್ಚಿನದನ್ನು ಹೇಳುತ್ತವೆ.

ಹೊರನಾಡ ಕನ್ನಡಿಗರ ಮಟ್ಟಿಗೆ ಈ ವಿಷಯಕ್ಕೆ ಇನ್ನೂ ಒಂದು ಮುಖವಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳಲ್ಲಿ ಕನ್ನಡ ಚಿತ್ರ ಪರಭಾಷೆಯ ಚಿತ್ರ. ಅಲ್ಲಿ ಗಡಿಯ ಮಾತೋ ನದಿಯ ಮಾತೋ ಬಂದಾಗ ಕನ್ನಡ ಚಿತ್ರಕ್ಕಿರುವ ಆಸರೆ, ಪ್ರಮಾಣಪತ್ರವಿರುವ ಚಿತ್ರವನ್ನು ಸ್ಥಳೀಯ ಬಹುಸಂಖ್ಯಾತರ ಕೋಪ ತಡೆಯಲಾಗದೆಂಬ ನಿಯಮವೊಂದೇ. ಶಂಕರಪ್ಪನವರ ಅರ್ಜಿಯೂ ಜಗನ್ನಾಥ ಶೆಟ್ಟಿಯವರ ತೀರ್ಪೂ ಕಟ್ಟಿಕೊಟ್ಟ ಈ ನಿಯಮವನ್ನು ಬೆಂಗಳೂರಿನಲ್ಲಿ ಸಡಿಲಿಸಿ ಬೇರೆಡೆ ಬಿಗಿಯಾಗಿ ಹಿಡಿಯಲು ಬರುವುದಿಲ್ಲ.